ಕ್ರಿಸ್ತಜಯಂತಿಯ ಚಿತ್ರವನ್ನು ಓದುವುದು ಹೇಗೆ?

(ಮನೆಯವರೆಲ್ಲ ಕೂಡಿ ಮೊದಲು ಓದಿಕೊಳ್ಳಿ: ಸಂತ ಲೂಕ 2:1-20, ಸಂತ ಮತ್ತಾಯ 2:1-12, ಯೆಶಾಯ 1:3)

ಆಗಮನ ಕಾಲ ಬಂತೆಂದರೆ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಕಳೆದ ವರ್ಷ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಬೊಂಬೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಕನ್ನಡದ ಮನೆಯಲ್ಲಿ ಅದು ಗೋದಲಿ, ಪಕ್ಕದ ತಮಿಳು ಮನೆಯಲ್ಲಿ ಕುಡಿಲ್. ಹೆಸರು ಎರಡಾದರೂ ಒಳಗೆ ಮಲಗುವ ಮಗು ಒಂದೇ. ಇದಲ್ಲದೆ ಗೋಡೆಯ ಕ್ಯಾಲೆಂಡರಿನಲ್ಲಿ, ಶುಭಾಶಯ ಪತ್ರಗಳಲ್ಲಿ, ದೇವಾಲಯದ ಬಣ್ಣದ ಗಾಜಿನಲ್ಲಿ ಅದೇ ದೃಶ್ಯ ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಇಳಿಯುತ್ತದೆಯೇ? ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮನೆಯ ಗೋದಲಿಯಲ್ಲಿ ಸಂತ ಜೋಸೆಫರ ಕೈಯಲ್ಲಿ ಏನಿದೆ? ಮರಿಯಮ್ಮನವರ ಕಣ್ಣು ಯಾರ ಮೇಲಿದೆ? ಎದ್ದು ಹೋಗಿ ನೋಡದೆ ಉತ್ತರ ಹೇಳಬಲ್ಲಿರಾ? ಹೇಳಲಾಗದಿದ್ದರೆ ಬೇಸರ ಬೇಡ. ಚಿತ್ರವನ್ನು ಓದುವುದನ್ನು ನಮಗೆ ಯಾರೂ ಕಲಿಸಿಲ್ಲ. ಈ ವಾರ ಅದನ್ನು ಸ್ವಲ್ಪ ಕಲಿಯೋಣ.

ಓದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಕ್ರಿ.ಶ. 600ರ ಸುಮಾರಿನಲ್ಲಿ ಮಾರ್ಸೇಯ್ ಪಟ್ಟಣದ ಧರ್ಮಾಧ್ಯಕ್ಷರೊಬ್ಬರು, ಜನ ಚಿತ್ರಗಳನ್ನೇ ಆರಾಧಿಸಿಬಿಟ್ಟಾರೆಂಬ ಭಯದಿಂದ ದೇವಾಲಯದ ಚಿತ್ರಗಳನ್ನು ಒಡೆಸಿಹಾಕಿದರು. ಆಗ ಮಹಾ ಗ್ರೆಗೊರಿ ಎಂದು ಹೆಸರಾದ ಪೋಪರು ಅವರಿಗೆ ಪತ್ರ ಬರೆದು ತಿದ್ದಿದರು. ಚಿತ್ರವನ್ನು ಆರಾಧಿಸುವುದು ತಪ್ಪು, ಆದರೆ ಅಕ್ಷರ ಬಾರದವರಿಗೆ ಚಿತ್ರವೇ ಓದುವ ಪುಸ್ತಕ ಎಂಬುದು ಅವರ ಮಾತಿನ ಸಾರ. ನಮ್ಮ ಅಜ್ಜಿಯಂದಿರಲ್ಲಿ ಎಷ್ಟೋ ಮಂದಿ ಶುಭಸಂದೇಶವನ್ನು ಹೀಗೆಯೇ ಕಲಿತವರಲ್ಲವೇ?

1. ಮೊದಲು ಶುಭಸಂದೇಶ, ಆಮೇಲೆ ಚಿತ್ರ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಮನೆಯ ಗೋದಲಿಯಲ್ಲಿ ಅಥವಾ ಚಿತ್ರದಲ್ಲಿ ಕಾಣುವುದನ್ನೆಲ್ಲ ಬರೆಯಿರಿ. ಬಲಕ್ಕೆ ಸಂತ ಲೂಕ ಮತ್ತು ಸಂತ ಮತ್ತಾಯ ಹೇಳಿರುವುದನ್ನಷ್ಟೇ ಬರೆಯಿರಿ. ಈಗ ಎರಡನ್ನೂ ಹೋಲಿಸಿ.

ಅಚ್ಚರಿಯಾಗುತ್ತದೆ! ಲೂಕನ ಶುಭಸಂದೇಶದಲ್ಲಿ ಜನಗಣತಿ ಇದೆ, ಛತ್ರದಲ್ಲಿ ಸ್ಥಳ ಸಿಗದ ಸಂಗತಿ ಇದೆ, ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಮಗುವಿದೆ, ದೇವದೂತರೂ ಕುರಿಕಾಯುವವರೂ ಇದ್ದಾರೆ. ಆದರೆ ಎತ್ತಿಲ್ಲ, ಕತ್ತೆಯಿಲ್ಲ, ಗುಹೆಯ ಮಾತಿಲ್ಲ. ಮತ್ತಾಯನಲ್ಲಿ ಮೂಡಣ ದೇಶದ ಜ್ಞಾನಿಗಳಿದ್ದಾರೆ. ಆದರೆ ಅವರು ಮೂವರೆಂದು ಆತ ಎಣಿಸಿ ಹೇಳಿಲ್ಲ, ರಾಜರೆಂದೂ ಕರೆದಿಲ್ಲ. ಕಾಣಿಕೆಗಳು ಮೂರು ಇದ್ದುದರಿಂದ ತಂದವರೂ ಮೂವರಾದರು. ಅವರು ಮಗುವನ್ನು ಕಂಡದ್ದು ಕೊಟ್ಟಿಗೆಯಲ್ಲಲ್ಲ, ಮನೆಯಲ್ಲಿ.

ಹಾಗಾದರೆ ಕಲಾವಿದರು ಸುಳ್ಳು ಬರೆದರೇ? ಇಲ್ಲ. ಅವರು ಒಂದು ಪುಟವನ್ನು ಮಾತ್ರ ನೋಡಿ ಬರೆದವರಲ್ಲ. ಇಡೀ ಶ್ರೀಗ್ರಂಥವನ್ನೂ ಧರ್ಮಸಭೆಯ ಪ್ರಾರ್ಥನೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವರು. ಚಿತ್ರದಲ್ಲಿ ಹೆಚ್ಚಾಗಿ ಸೇರಿದ ಪ್ರತಿಯೊಂದು ವಸ್ತುವಿಗೂ ಒಂದು ಕಾರಣವಿದೆ. ಆ ಕಾರಣವನ್ನು ಹುಡುಕುವುದೇ ಚಿತ್ರವನ್ನು ಓದುವ ಕ್ರಮ.

2. ಎತ್ತು ಮತ್ತು ಕತ್ತೆ

ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು, ಆದರೆ ದೇವಜನರಿಗೆ ಮಾತ್ರ ತಮ್ಮವನ ಗುರುತಿಲ್ಲ ಎಂದು ಪ್ರವಾದಿ ಯೆಶಾಯ ನೊಂದು ನುಡಿದಿದ್ದಾನೆ. ಮೊದಲ ಅಧ್ಯಾಯದ ಮೂರನೆಯ ವಚನವನ್ನು ತೆರೆದು ನೋಡಿ. ಕೊಟ್ಟಿಗೆಯ ಆ ಎರಡು ಮೂಕಪ್ರಾಣಿಗಳು ಚಿತ್ರದೊಳಕ್ಕೆ ನಡೆದು ಬಂದದ್ದು ಅಲ್ಲಿಂದ.

ನಾಲ್ಕನೆಯ ಶತಮಾನದ ಕ್ರೈಸ್ತರ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಕೆತ್ತಿದ ಜನನದ ದೃಶ್ಯಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಕೆಲವದರಲ್ಲಿ ಮರಿಯಮ್ಮನವರೂ ಇಲ್ಲ, ಜೋಸೆಫರೂ ಇಲ್ಲ. ಮಗು, ಎತ್ತು, ಕತ್ತೆ, ಇಷ್ಟೇ. ಮಿಲಾನ್ ನಗರದ ಸಂತ ಆಂಬ್ರೋಸರ ದೇವಾಲಯದಲ್ಲಿರುವ ಪೆಟ್ಟಿಗೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಂದಿನ ಕ್ರೈಸ್ತರಿಗೆ ಆ ಪ್ರಾಣಿಗಳು ಅಲಂಕಾರವಾಗಿರಲಿಲ್ಲ. ನೋಡುವವನಿಗೆ ಹಾಕಿದ ಪ್ರಶ್ನೆಯಾಗಿದ್ದವು. ಪಶುವಿಗೆ ಗೊತ್ತಾದದ್ದು ನಿನಗೆ ಗೊತ್ತಾಯಿತೇ?

ಮುಂದಿನ ಬಾರಿ ಮಕ್ಕಳು ಎತ್ತಿನ ಬೊಂಬೆಯನ್ನು ಎಲ್ಲಿಡಬೇಕೆಂದು ಕೇಳಿದರೆ, ಎಲ್ಲೋ ಮೂಲೆಯಲ್ಲಿಡು ಎನ್ನಬೇಡಿ. ಮಗುವಿನ ಪಕ್ಕದಲ್ಲೇ ಇಡಿಸಿ, ಯೆಶಾಯನ ಮಾತನ್ನು ಹೇಳಿಕೊಡಿ.

3. ಗುಹೆಯ ಕತ್ತಲು

ಯೇಸು ಬೆತ್ಲೆಹೇಮಿನ ಬಳಿಯ ಒಂದು ಗುಹೆಯಲ್ಲಿ ಜನಿಸಿದರೆಂದು ಎರಡನೆಯ ಶತಮಾನದಲ್ಲಿಯೇ ಸಂತ ಜಸ್ಟಿನ್ ಬರೆದಿದ್ದಾರೆ. ಬೆತ್ಲೆಹೇಮಿನ ಜನನ ದೇವಾಲಯ ನಿಂತಿರುವುದೂ ಒಂದು ಗುಹೆಯ ಮೇಲೆಯೇ. ಪೂರ್ವದ ಧರ್ಮಸಭೆಗಳ ಐಕಾನ್ ಎಂಬ ಪವಿತ್ರ ಚಿತ್ರಗಳಲ್ಲಿ ಬೆಟ್ಟದ ನಡುವೆ ಈ ಗುಹೆಯನ್ನು ದಟ್ಟ ಕಪ್ಪು ಬಣ್ಣದಲ್ಲಿ ಬರೆಯುತ್ತಾರೆ. ಆ ಕಪ್ಪಿನ ನಡುವೆ ಬಿಳಿ ಬಟ್ಟೆ ಸುತ್ತಿದ ಪುಟ್ಟ ಮಗು.

ಬೇರೆ ಊರಿನವರಿಗೆ ಈ ಕಪ್ಪನ್ನು ವಿವರಿಸಬೇಕಾದೀತು. ಕೆ.ಜಿ.ಎಫ್.ನವರಿಗೆ ವಿವರಿಸಬೇಕೇ? ನಮ್ಮ ತಾತಂದಿರು, ತಂದೆಯಂದಿರು ಕೇಜಿನಲ್ಲಿ ನಿಂತು ಶಾಫ್ಟಿನೊಳಕ್ಕೆ ಇಳಿದವರು. ಚಾಂಪಿಯನ್ ರೀಫ್ ಗಣಿ ನೆಲದ ಮಟ್ಟದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ತಲೆಯ ಮೇಲಿನ ದೀಪ ಆರಿದರೆ ತನ್ನ ಕೈ ತನಗೆ ಕಾಣದ ಕತ್ತಲು ಅದು. ಬಂಡೆ ಸಿಡಿದಾಗ ಮೇಲೆ ಬಾರದೆ ಉಳಿದವರ ಮನೆಗಳೂ ನಮ್ಮ ನಡುವೆ ಇವೆ. ಐಕಾನ್ ಬರೆಯುವವನು ಆ ಕಪ್ಪು ಬಣ್ಣ ಬಳಿಯುವುದು ಅಂಥ ಕತ್ತಲನ್ನೇ, ಪಾಪ ಮತ್ತು ಮರಣದ ಕತ್ತಲನ್ನೇ ಹೇಳಲು. ದೇವರು ಬೆಟ್ಟದ ತುದಿಗೆ ಇಳಿದು ಬರಲಿಲ್ಲ, ಬೆಟ್ಟದ ಹೊಟ್ಟೆಯೊಳಕ್ಕೆ ಇಳಿದರು.

ಮಗುವಿನ ಬಟ್ಟೆಯನ್ನು ಇನ್ನೊಮ್ಮೆ ನೋಡಿ. ಅದು ತೊಟ್ಟಿಲ ಬಟ್ಟೆಯಂತಿಲ್ಲ, ಶವಕ್ಕೆ ಸುತ್ತಿದ ಬಟ್ಟೆಯಂತಿದೆ. ಗೋದಲಿಯೂ ಕಲ್ಲಿನ ಸಮಾಧಿಯಂತೆಯೂ, ಬಲಿಪೀಠದಂತೆಯೂ ಕಾಣುತ್ತದೆ. ಜನನದ ಚಿತ್ರದಲ್ಲಿಯೇ ಶುಭ ಶುಕ್ರವಾರವನ್ನೂ ಪುನರುತ್ಥಾನದ ಖಾಲಿ ಸಮಾಧಿಯನ್ನೂ ಕಲಾವಿದ ಬರೆದಿಟ್ಟಿದ್ದಾನೆ. ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿದವರು ಮುಂದೆ ನಮಗೆ ಆಹಾರವಾಗುವರೆಂಬ ಪರಮಪ್ರಸಾದದ ಸೂಚನೆಯೂ ಅಲ್ಲಿದೆ.

4. ಒಂದು ಮೂಲೆಯಲ್ಲಿ ಕುಳಿತ ತಂದೆ

ಅದೇ ಐಕಾನಿನಲ್ಲಿ ಸಂತ ಜೋಸೆಫರು ಎಲ್ಲಿದ್ದಾರೆ? ಮಗುವಿನ ಪಕ್ಕದಲ್ಲಿಲ್ಲ. ಕೆಳಗೆ ಒಂದು ಮೂಲೆಯಲ್ಲಿ, ಕೈಯನ್ನು ಕೆನ್ನೆಗೆ ಆನಿಸಿಕೊಂಡು ಚಿಂತೆಯಲ್ಲಿ ಕುಳಿತಿದ್ದಾರೆ. ಮಗು ತಮ್ಮದಲ್ಲವೆಂಬುದು ಅವರಿಗೆ ಗೊತ್ತು, ದೇವರ ಯೋಜನೆ ಪೂರ್ತಿ ಅರ್ಥವಾಗಿಲ್ಲ. ಹೆಂಡತಿಯ ಹೆರಿಗೆಗೆ ಒಂದು ಕೋಣೆಯನ್ನೂ ಒದಗಿಸಲಾಗಲಿಲ್ಲ.

ಪ್ರಿಯ ವಾಚಕರೇ, ಈ ಮೂಲೆಯ ಬಳಿ ಸ್ವಲ್ಪ ನಿಲ್ಲೋಣ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಲೈನ್ ಮನೆಗಳಲ್ಲಿ ಎಷ್ಟು ಮಂದಿ ತಂದೆಯರು ಹೀಗೆ ಕೆನ್ನೆಗೆ ಕೈಕೊಟ್ಟು ಕುಳಿತರು! ಇಂದಿಗೂ ನಸುಕಿನಲ್ಲೇ ಎದ್ದು ಮಾರಿಕುಪ್ಪಂ ಕಡೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವವರು ಎಷ್ಟೋ ಮಂದಿ. ಮನೆಯವರ ಸಂತೋಷದ ಚಿತ್ರದಲ್ಲಿ ತಾನು ಒಂದು ಅಂಚಿನಲ್ಲಿದ್ದೇನೆ ಎಂದು ಅವರಿಗೆ ಅನ್ನಿಸಬಹುದು. ಆದರೆ ಗಮನಿಸಿ: ಕಲಾವಿದ ಜೋಸೆಫರನ್ನು ಚಿತ್ರದಿಂದ ಹೊರಗಿಟ್ಟಿಲ್ಲ. ಅವರ ತಲೆಯ ಸುತ್ತಲೂ ಪ್ರಭಾವಲಯವಿದೆ. ಚಿಂತೆ ಇರುವವನೂ ಸಂತನೇ. ಎಷ್ಟೋ ಐಕಾನುಗಳಲ್ಲಿ ಮರಿಯಮ್ಮನವರು ಮಗುವನ್ನು ಬಿಟ್ಟು ಜೋಸೆಫರ ಕಡೆಗೇ ಮರುಕದಿಂದ ನೋಡುತ್ತಿರುತ್ತಾರೆ. ಮನೆಯ ತಾಯಂದಿರು ಆ ನೋಟವನ್ನು ಕಲಿತರೆ ಸಾಕು, ಒಂದು ಹಬ್ಬ ಸಾರ್ಥಕವಾಯಿತು.

5. ಬೆಳಕು ಎಲ್ಲಿಂದ ಬರುತ್ತಿದೆ?

ಯಾವುದೇ ಚಿತ್ರದ ಮುಂದೆ ನಿಂತಾಗ ಕೇಳಬೇಕಾದ ಒಳ್ಳೆಯ ಪ್ರಶ್ನೆ ಇದು. ಸ್ವೀಡನ್ ದೇಶದ ಸಂತ ಬ್ರಿಜಿತರು 1372ರಲ್ಲಿ ಬೆತ್ಲೆಹೇಮಿಗೆ ಯಾತ್ರೆ ಹೋದಾಗ ಪ್ರಭುವಿನ ಜನನದ ದರ್ಶನ ಕಂಡರು. ಜೋಸೆಫರು ತಂದ ಮೇಣದ ಬತ್ತಿಯ ಬೆಳಕು ಮಗುವಿನಿಂದ ಹೊರಟ ಬೆಳಕಿನ ಮುಂದೆ ಏನೂ ಅಲ್ಲವಾಯಿತೆಂದು ಅವರು ತಿಳಿಸಿದರು. ಮರಿಯಮ್ಮನವರು ಮಂಡಿಯೂರಿ ಮಗುವನ್ನು ಆರಾಧಿಸುವುದನ್ನೂ ಅವರು ಕಂಡರು. ಆ ಬಳಿಕ ಯೂರೋಪಿನ ಚಿತ್ರಗಳೇ ಬದಲಾದವು. ನಮ್ಮ ಬೊಂಬೆಗಳಲ್ಲಿ ಮರಿಯಮ್ಮನವರು ಕೈಜೋಡಿಸಿ ಮಂಡಿಯೂರಿರುವುದಕ್ಕೂ, ಕೆಲವು ಚಿತ್ರಗಳಲ್ಲಿ ಜೋಸೆಫರ ಕೈಯಲ್ಲಿ ಬತ್ತಿ ಅಥವಾ ಲಾಂದ್ರ ಇರುವುದಕ್ಕೂ ಈ ದರ್ಶನದ ಪ್ರಭಾವವಿದೆ.

ಇಟಲಿಯ ಕೊರೆಜ್ಜೊ ಎಂಬ ಚಿತ್ರಕಾರ 1530ರ ಸುಮಾರಿಗೆ ಬರೆದ 'ಪವಿತ್ರ ರಾತ್ರಿ' ಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿದೆ. ಅದರಲ್ಲಿ ದೀಪವೇ ಇಲ್ಲ. ಇಡೀ ಬೆಳಕು ಮಗುವಿನದು. ನೋಡಲು ಬಂದ ಹೆಂಗಸೊಬ್ಬಳು ಆ ಪ್ರಕಾಶ ತಾಳಲಾರದೆ ಮುಖಕ್ಕೆ ಕೈ ಅಡ್ಡ ಹಿಡಿದಿದ್ದಾಳೆ.

ವಿದ್ಯುತ್ತಿನ ಬೆಳಕು ನಮ್ಮೂರಿಗೆ ಹೊಸತಲ್ಲ. ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿಗಿಂತ ಮೊದಲು ಅದು ಬಂದದ್ದು ಇಲ್ಲಿಗೆ. ಇಂದು ಗೋದಲಿಯ ಸುತ್ತ ಸೀರಿಯಲ್ ಲೈಟು ಮಿಣಮಿಣ ಎನ್ನುತ್ತದೆ. ಬೇಡವೆನ್ನುವುದಿಲ್ಲ. ಆದರೆ ಛಾವಣಿಯೆಲ್ಲ ಥಳಥಳಿಸಿ ಮಗು ಮಾತ್ರ ನೆರಳಿನಲ್ಲಿ ಉಳಿದರೆ ನಮ್ಮ ಗೋದಲಿ ತಪ್ಪು ಪಾಠ ಹೇಳುತ್ತದೆ. ಒಂದೇ ಒಂದು ಬಲ್ಬು ಇದ್ದರೂ ಅದು ಗೋದಲಿಯ ಹಿಂದೆ, ಮಗುವಿನ ಹತ್ತಿರ ಇರಲಿ.

6. ಚಿನ್ನದ ಕಾಣಿಕೆ

ಜ್ಞಾನಿಗಳು ತಂದದ್ದು ಚಿನ್ನ, ಧೂಪ, ರಕ್ತಬೋಳ. ಚಿನ್ನ ರಾಜನಿಗೆ, ಧೂಪ ದೇವರಿಗೆ, ಶವಕ್ಕೆ ಲೇಪಿಸುವ ರಕ್ತಬೋಳ ಸಾಯಲಿರುವ ಮನುಷ್ಯನಿಗೆ ಎಂದು ಧರ್ಮಸಭೆಯ ಪಿತೃಗಳು ಅರ್ಥ ಹೇಳಿದ್ದಾರೆ. ಇಟಲಿಯ ಪಾದುವ ನಗರದಲ್ಲಿ ಜೊತ್ತೊ 1305ರ ಸುಮಾರಿಗೆ ಬರೆದ ಗೋಡೆಚಿತ್ರದಲ್ಲಿ ಮುದಿ ಜ್ಞಾನಿ ಮಗುವಿನ ಮುಂದೆ ಮಂಡಿಯೂರಿದ್ದಾನೆ. ಮೇಲೆ ನಕ್ಷತ್ರವು ಬೆಂಕಿಯ ಬಾಲ ಬಿಟ್ಟುಕೊಂಡು ಹಾರುತ್ತಿದೆ. 1301ರಲ್ಲಿ ಆಕಾಶದಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತುವನ್ನು ಕಂಡೇ ಆತ ಹಾಗೆ ಬರೆದನೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಚಿನ್ನದ ಬೆಲೆ ನಮ್ಮ ಜನಕ್ಕೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಒಂದು ಟನ್ ಕಲ್ಲು ಒಡೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ. ಅದನ್ನು ತೆಗೆದ ಕೈಗಳಿಗೆ ಆ ಚಿನ್ನ ಸೇರಲಿಲ್ಲ. ಸೇರಿದ್ದು ಕೂಲಿ ಮತ್ತು ಎದೆಯೊಳಗಿನ ಕಲ್ಲಿನ ಧೂಳು. ಸೈನೈಡ್ ದಿಬ್ಬಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಆದ್ದರಿಂದ ಚಿತ್ರದಲ್ಲಿ ಚಿನ್ನದ ಪೆಟ್ಟಿಗೆ ಕಂಡಾಗ, ಅದನ್ನು ಹೊತ್ತು ತಂದ ಜ್ಞಾನಿಯನ್ನು ಮಾತ್ರವಲ್ಲ, ಭೂಮಿಯಿಂದ ಅಗೆದು ತೆಗೆದವನನ್ನೂ ನೆನೆಯಿರಿ. ಮಗುವಿನ ಪಾದಕ್ಕೆ ಸೇರಿದ ಕಾಣಿಕೆಯಲ್ಲಿ ಅವನ ಬೆವರೂ ಸೇರಿದೆ.

7. ಸೀರೆಯುಟ್ಟ ಮರಿಯಮ್ಮ ಸರಿಯೇ?

ಈ ಪ್ರಶ್ನೆಯನ್ನು ಕೆಲವರು ಆಗಾಗ ಕೇಳುತ್ತಾರೆ. ಉತ್ತರಕ್ಕೆ ಮೊದಲು ಒಂದು ಚಿತ್ರವನ್ನು ನೋಡೋಣ. ಬ್ರೂಗಲ್ ಎಂಬ ಚಿತ್ರಕಾರ 1566ರಲ್ಲಿ ಬೆತ್ಲೆಹೇಮಿನ ಜನಗಣತಿಯನ್ನು ಬರೆದ. ಅದು ಈಗ ಬ್ರಸೆಲ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆ ಬೆತ್ಲೆಹೇಮ್ ಎಂಥದು? ಆತನ ಸ್ವಂತ ನಾಡಿನ ಹಳ್ಳಿ! ಎಲ್ಲೆಲ್ಲೂ ಹಿಮ, ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡುವ ಮಕ್ಕಳು, ಹೆಸರು ಬರೆಸಲು ಮುಗಿಬಿದ್ದ ಜನ. ಆ ಗುಂಪಿನ ನಡುವೆ ಕತ್ತೆಯ ಮೇಲೆ ಕುಳಿತ ಮರಿಯಮ್ಮನವರನ್ನು ಯಾರೂ ಗಮನಿಸುವುದಿಲ್ಲ. ನೋಡುವ ನಾವೂ ಹುಡುಕಿಯೇ ಕಂಡುಹಿಡಿಯಬೇಕು. ಹೊನ್ನಗೂದಲಿನ ಮರಿಯಮ್ಮನೂ ಹಿಮದ ಬೆತ್ಲೆಹೇಮೂ ನಮಗೆ ಸರಿಯೆನ್ನಿಸಿದ ಮೇಲೆ ಸೀರೆ ಮಾತ್ರ ಏಕೆ ತಪ್ಪಾಗಬೇಕು?

ಗೋವಾದಲ್ಲಿ 1902ರಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೇಕ ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತು, ಮರಿಯಮ್ಮನವರನ್ನು ನಮ್ಮ ನೆಲದ ತಾಯಿಯಾಗಿ, ಸೀರೆಯುಟ್ಟ ಕಂದು ಮೈಬಣ್ಣದವರಾಗಿ ಬರೆದರು. ಅಂದು ಅವರಿಗೆ ದೊರೆತದ್ದು ಹೊಗಳಿಕೆಗಿಂತ ವಿರೋಧವೇ ಹೆಚ್ಚು. ಪುಣೆಯಲ್ಲಿ ನೆಲೆಸಿ ಬರೆಯುತ್ತಲೇ ಇದ್ದು 1967ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಆರಾಧನಾವಿಧಿಯ ಸಂವಿಧಾನದಲ್ಲಿ, ಯಾವುದೇ ಒಂದು ಶೈಲಿಯನ್ನು ಧರ್ಮಸಭೆ ತನ್ನದೆಂದು ಮಾಡಿಕೊಂಡಿಲ್ಲ, ಎಲ್ಲ ಜನಾಂಗಗಳ ಕಲೆಗೂ ಇಲ್ಲಿ ಸ್ಥಾನವಿದೆ ಎಂದು ಸ್ಪಷ್ಟಪಡಿಸಿತ್ತು. ನಮ್ಮ ಮಹಾಧರ್ಮಕ್ಷೇತ್ರದಲ್ಲಿಯೇ, ಬೆಂಗಳೂರಿನ ಹೊರವಲಯದ ಸಿಲ್ವೇಪುರದಲ್ಲಿ ನೆಲೆನಿಂತ ಜ್ಯೋತಿ ಸಾಹಿ ಇದೇ ದಾರಿಯಲ್ಲಿ ನಡೆದ ಕಲಾವಿದರು. ಬೆಂಗಳೂರಿನ ಎನ್.ಬಿ.ಸಿ.ಎಲ್.ಸಿ. ಕೇಂದ್ರದ ಪ್ರಾರ್ಥನಾಮಂದಿರದಲ್ಲಿ ಅವರ ಕೈಕೆಲಸವನ್ನು ಕಾಣಬಹುದು.

ಹಾಗೆಂದು ಹಳೆಯ ಯೂರೋಪಿನ ಶೈಲಿಯನ್ನು ಹಳಿಯಬೇಕಾಗಿಲ್ಲ. ಮಂಗಳೂರಿಗೆ ಹೋದರೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ತಪ್ಪದೆ ನೋಡಿ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ (1854-1905) ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿನಲ್ಲಿ ಅದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಕ್ರಮದಲ್ಲಿ ಗಾರೆ ಒಣಗುವ ಮೊದಲೇ ಅಂದಿನ ಭಾಗವನ್ನು ಮುಗಿಸಬೇಕು. ಅಳಿಸಿ ತಿದ್ದಲು ಅವಕಾಶವಿಲ್ಲ. ಬೇಡುವ ಮನಸ್ಸಿಲ್ಲದೆ ಅಂಥ ಕೆಲಸ ಆಗದು. ಶೈಲಿ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಈ ಚಿತ್ರ ನನ್ನನ್ನು ಮಗುವಿನ ಹತ್ತಿರ ಕರೆದೊಯ್ಯುತ್ತದೆಯೇ?

8. ಗೋದಲಿಯೂ ಒಂದು ಚಿತ್ರವೇ

1223ರ ಕ್ರಿಸ್ತಜಯಂತಿಯಂದು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದು ಗೋದಲಿ ಸಿದ್ಧಪಡಿಸಿದರು. ಅಲ್ಲಿ ಬೊಂಬೆಗಳಿರಲಿಲ್ಲ. ಒಣಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ, ಪಂಜು ಹಿಡಿದು ಬಂದ ಊರ ಜನ, ಆ ಗೋದಲಿಯ ಮೇಲೆಯೇ ಅರ್ಪಿಸಿದ ಬಲಿಪೂಜೆ. ಮಗುವಾಗಿ ಬಂದ ದೇವರು ಎಷ್ಟು ಕೊರತೆಯಲ್ಲಿ ಮಲಗಿದರೆಂಬುದನ್ನು ಕಣ್ಣಾರೆ ಕಾಣಬೇಕೆಂಬುದು ಫ್ರಾನ್ಸಿಸರ ಆಸೆಯಾಗಿತ್ತು.

ಅದೇ ಗ್ರೆಚ್ಚೊದಲ್ಲಿ 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸರು ಗೋದಲಿಯ ಬಗ್ಗೆ ಒಂದು ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ ಮಾತ್ರವಲ್ಲ, ಕೆಲಸದ ಸ್ಥಳ, ಶಾಲೆ, ಆಸ್ಪತ್ರೆ, ಸೆರೆಮನೆಗಳಲ್ಲಿಯೂ ಗೋದಲಿ ಇಡುವ ಪದ್ಧತಿಯನ್ನು ಅದರಲ್ಲಿ ಪ್ರೋತ್ಸಾಹಿಸಿದರು. ಕಮ್ಮಾರ, ರೊಟ್ಟಿ ಸುಡುವವನು, ನೀರು ಹೊರುವ ಹೆಂಗಸರು, ಭಿಕ್ಷುಕರು, ಹೀಗೆ ಶುಭಸಂದೇಶದಲ್ಲಿ ಇಲ್ಲದವರಿಗೂ ಗೋದಲಿಯಲ್ಲಿ ಜಾಗವಿದೆಯೆಂದು ಮೆಚ್ಚಿ ಬರೆದರು. ಹಾಗಾದರೆ ನಮ್ಮ ಗೋದಲಿಯಲ್ಲಿ ತಲೆಗೆ ದೀಪ ಕಟ್ಟಿದ ಗಣಿ ಕೆಲಸಗಾರನೊಬ್ಬ ಏಕೆ ನಿಲ್ಲಬಾರದು? ಮಣ್ಣಿನಲ್ಲಿ ಮಕ್ಕಳೇ ಮಾಡಲಿ. ಡಬ್ಬಿಯಲ್ಲಿ ರಾಗಿ ಮೊಳಕೆ ಬರಿಸಿ ಬೆತ್ಲೆಹೇಮಿಗೆ ಹಸಿರು ತರಲಿ. ಅಂಗಡಿಯ ದುಬಾರಿ ಸೆಟ್ಟಿಗಿಂತ ಅದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಈ ವಾರ ಒಂದು ಸಂಜೆ ಟಿ.ವಿ. ಮತ್ತು ಮೊಬೈಲುಗಳನ್ನು ಅರ್ಧ ಗಂಟೆ ಪಕ್ಕಕ್ಕಿಟ್ಟು, ಕ್ಯಾಲೆಂಡರಿನದೋ ಶುಭಾಶಯ ಪತ್ರದ್ದೋ ಒಂದು ಜನನದ ಚಿತ್ರವನ್ನು ಎಲ್ಲರ ನಡುವೆ ಇಡಿ.

ಮೊದಲು ಎರಡು ನಿಮಿಷ ಯಾರೂ ಮಾತಾಡದೆ ನೋಡಿ. ಆಮೇಲೆ ಮನೆಯ ಕಿರಿಯ ಮಗುವಿನಿಂದ ಆರಂಭಿಸಿ, ಒಬ್ಬೊಬ್ಬರೂ ತಮಗೆ ಕಂಡ ಒಂದೊಂದು ವಸ್ತುವನ್ನು ಹೇಳಲಿ. ಹಿರಿಯರು ಕೊನೆಯಲ್ಲಿ ಹೇಳಲಿ.

ಬಳಿಕ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

ಅ) ಬೆಳಕು ಎಲ್ಲಿಂದ ಬರುತ್ತಿದೆ? ಯಾರು ಯಾರ ಕಡೆ ನೋಡುತ್ತಿದ್ದಾರೆ?

ಆ) ಶುಭಸಂದೇಶದಲ್ಲಿ ಇಲ್ಲದ ಯಾವುದನ್ನು ಕಲಾವಿದ ಸೇರಿಸಿದ್ದಾನೆ? ಏಕಿರಬಹುದು?

ಇ) ಮಗುವಿಗೆ ಎಲ್ಲರಿಗಿಂತ ಹತ್ತಿರ ಇರುವವರು ಯಾರು? ದೂರ ನಿಂತವರು ಯಾರು?

ಈ) ಈ ಚಿತ್ರದೊಳಕ್ಕೆ ಹೋಗಬಹುದಾಗಿದ್ದರೆ ನಾನು ಎಲ್ಲಿ ನಿಲ್ಲುತ್ತಿದ್ದೆ?

ಕೊನೆಯ ಪ್ರಶ್ನೆಗೆ ಯಾರಾದರೂ 'ಜೋಸೆಫರ ಮೂಲೆಯಲ್ಲಿ' ಎಂದರೆ ಬುದ್ಧಿ ಹೇಳಹೋಗಬೇಡಿ, ಕೇಳಿಸಿಕೊಳ್ಳಿ. ಹೊರಗೆ ಹೇಳಲಾಗದೆ ಇದ್ದ ಸಾಲದ ಚಿಂತೆ, ಕೆಲಸದ ಭಯ, ಮುನಿಸು ಒಂದು ಚಿತ್ರದ ನೆಪದಲ್ಲಿ ಮಾತಾಗಿ ಬರಬಹುದು. ಕುಟುಂಬ ಪ್ರಾರ್ಥನೆಗೆ ಅದಕ್ಕಿಂತ ಒಳ್ಳೆಯ ಆರಂಭ ಯಾವುದಿದೆ? ಆಮೇಲೆ ಲೂಕನ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ, ಆ ಚಿಂತೆಗಳನ್ನೇ ಹೆಸರಿಟ್ಟು ಬಾಲಯೇಸುವಿನ ಮುಂದೆ ಇಡಿ.

ಹಬ್ಬದ ದಿನ ಗೋದಲಿ ನೋಡಲು ನೆರೆಹೊರೆಯ ಹಿಂದೂ, ಮುಸ್ಲಿಂ ಮಕ್ಕಳು ಮನೆಗೆ ಬಂದರೆ ಕೇಕು ಕೊಟ್ಟು ಕಳುಹಿಸುವುದರ ಜೊತೆಗೆ ಎತ್ತು ಏಕಿದೆ, ಗುಹೆ ಏಕೆ ಕಪ್ಪು ಎಂಬುದನ್ನೂ ಹೇಳಿ. ಹೇಳುವ ಕೆಲಸವನ್ನು ನಿಮ್ಮ ಮಕ್ಕಳಿಗೇ ಬಿಡಿ. ಕಲಿತದ್ದು ಗಟ್ಟಿಯಾಗುವುದು ಇನ್ನೊಬ್ಬರಿಗೆ ಹೇಳಿದಾಗಲೇ.

ಸರ್ವರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.